ಸಿಸ್ಟರ್‌ಗೆ ಕನ್ನಡ ಬಾರದಿದ್ದರೆ ಯಾರನ್ನು ಕೇಳಬೇಕು?

ಮಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸಿಸ್ಟರ್‌ಗಳಿಗೆ ಕನ್ನಡ ಬರುವುದಿಲ್ಲ, ನಮ್ಮವರು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ, ಇದಕ್ಕೆ ಏನಾದರೂ ಮಾಡಿ ಎಂಬ ದೂರು ಕನ್ನಡದ ಕೆಲಸ ಮಾಡುವ ಎಲ್ಲರ ಕಿವಿಗೂ ಬಿದ್ದಿದೆ. ದೂರು ಸುಳ್ಳಲ್ಲ. ಹಾವೇರಿ ಕಡೆಯಿಂದ, ಶಿರಸಿ ಸಿದ್ದಾಪುರದಿಂದ, ಕೊಪ್ಪ ಶೃಂಗೇರಿಯಿಂದ ಘಟ್ಟ ಇಳಿದು ಬಂದ ಮುದುಕ ಮುದುಕಿಯರು ಆಪರೇಷನ್ ಆದ ರಾತ್ರಿ ತಮ್ಮ ನೋವನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳಲಾಗದೆ ಕೈಸನ್ನೆ ಮಾಡುವುದು ಈ ಊರಿನ ವಾರ್ಡುಗಳಲ್ಲಿ ಕಾಣಸಿಗುವ ದೃಶ್ಯವೇ. ಅದನ್ನು ಕಂಡವನಿಗೆ ರಕ್ತ ಕುದಿಯದಿದ್ದರೆ ಅವನು ಕನ್ನಡಿಗನಲ್ಲ. ಆ ಮಾತು ಬಿಡಿ, ಮನುಷ್ಯನೇ ಅಲ್ಲ.

ಆದರೆ ರಕ್ತ ಕುದಿದ ಮೇಲೆ ನಾವು ಮಾಡುವುದೇನು? ನಾಲ್ಕು ಹುಡುಗರು ಹಳದಿ ಕೆಂಪು ಶಾಲು ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಆಡಳಿತದವರ ಕೋಣೆಗೆ ಸೆಕ್ಯುರಿಟಿಯವನು ಬಿಡುವುದಿಲ್ಲ. ವಾರ್ಡಿನ ಬಾಗಿಲಲ್ಲಿ ಕೈಗೆ ಸಿಗುವವಳು ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿ. ಅವಳ ಮುಖಕ್ಕೆ ಮೊಬೈಲ್ ಹಿಡಿದು, ಕರ್ನಾಟಕದ ಅನ್ನ ತಿನ್ನುತ್ತೀಯ ಕನ್ನಡ ಮಾತಾಡು ಎಂದು ಗದರಿಸಿದರೆ ಅವಳು ಅಳುತ್ತಾಳೆ. ವಿಡಿಯೋವನ್ನು ಸಾವಿರಾರು ಜನ ನೋಡುತ್ತಾರೆ. ಮರುದಿನ ಅವಳನ್ನು ಬೇರೆ ವಾರ್ಡಿಗೆ ಹಾಕಿ, ಅವಳ ಜಾಗಕ್ಕೆ ಕನ್ನಡ ಬಾರದ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾರೆ. ಆಸ್ಪತ್ರೆಯ ಧಣಿಯ ಒಂದು ಕೂದಲೂ ಕೊಂಕಿರುವುದಿಲ್ಲ. ಘಟ್ಟದ ಮೇಲಿನ ಮುದುಕಿ ಮೊದಲಿನ ಹಾಗೆಯೇ ಕೈಸನ್ನೆ ಮಾಡುತ್ತಿರುತ್ತಾಳೆ.

ಇದನ್ನು ಹೋರಾಟ ಎಂದು ಕರೆಯಲು ನಾವು ತಯಾರಿಲ್ಲ. ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ತೋರಿಸಬೇಕಾದ ವಿಳಾಸ ಬೇರೆ. ವಾರ್ಡಿನಲ್ಲಿ ಕನ್ನಡ ಬೇಕೇ ಬೇಕು. ಅದನ್ನು ಕೇಳಬೇಕಾದದ್ದು ಕನ್ನಡ ಬಾರದ ಹುಡುಗಿಯನ್ನಲ್ಲ, ಕನ್ನಡ ಕಲಿಸದೆ ಅವಳನ್ನು ವಾರ್ಡಿಗೆ ನೂಕಿ, ಇಬ್ಬರು ಮೂವರು ಮಾಡುವ ಕೆಲಸವನ್ನು ಅವಳೊಬ್ಬಳ ತಲೆಗೆ ಕಟ್ಟಿ, ಅರೆಸಂಬಳ ಕೊಟ್ಟು, ಅಮೃತಶಿಲೆಯ ಲಾಬಿ ಕಟ್ಟಿಕೊಂಡವರನ್ನು.

ಸಂಕಟ ಎಂದರೆ ದುಃಖವೇ?

ಭಾಷೆಯ ಮಾತು ಬಂದಾಗ ಕೆಲವು ಡಾಕ್ಟರ್ ಮಹಾಶಯರು ನಗುತ್ತಾರೆ. ರೋಗಕ್ಕೆ ಭಾಷೆ ಇಲ್ಲ, ಯಂತ್ರ ಎಲ್ಲವನ್ನೂ ತೋರಿಸುತ್ತದೆ ಎನ್ನುತ್ತಾರೆ. ಅವರಿಗೆ ಒಂದೇ ಒಂದು ಪದ ಕೊಡುತ್ತೇವೆ: ಸಂಕಟ.

ನಮ್ಮ ಹಳ್ಳಿಯವನು ಬೆವರುತ್ತಾ ಎದೆಯ ಮೇಲೆ ಕೈಯಿಟ್ಟು 'ಯಾಕೋ ಸಂಕಟ ಆಗ್ತಿದೆ' ಎಂದರೆ ಕನ್ನಡ ಬಲ್ಲ ಸಿಸ್ಟರ್ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಾಳೆ, ಇಸಿಜಿ ತೆಗೆಸುತ್ತಾಳೆ, ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತಾಳೆ. ಮಲಯಾಳಂನಲ್ಲೂ ಇದೇ ಪದ ಉಂಟು, ಆದರೆ ಅಲ್ಲಿ ಅದರ ಅರ್ಥ ದುಃಖ, ಮನಸ್ಸಿಗೆ ಬೇಸರ. ಕೋಟ್ಟಯಂನಿಂದ ಹೊಸದಾಗಿ ಬಂದ ಹುಡುಗಿಗೆ ಈ ಪದ ಕೇಳಿದರೆ ಪಾಪ ಅಜ್ಜನಿಗೆ ಮನೆಯ ನೆನಪಾಗಿರಬೇಕು ಅನಿಸುವುದು ಸಹಜ. ಅವಳು ಕೆಟ್ಟವಳಲ್ಲ, ಒಂದು ನಿಮಿಷ ನಿಂತು ಸಮಾಧಾನದ ನಗು ನಕ್ಕೇ ಹೋಗುತ್ತಾಳೆ. ಆ ಒಂದು ಪದದ ನಡುವೆ ಒಂದು ಜೀವ ಹೋಗಬಹುದು. ಇದಕ್ಕೆ ಹೊಣೆ ಪದವೇ, ಹುಡುಗಿಯೇ, ಅಥವಾ ಇಂಥ ಐವತ್ತು ಪದಗಳನ್ನು ಅವಳಿಗೆ ಮೊದಲ ವಾರವೇ ಹೇಳಿಕೊಡಬೇಕೆಂದು ಯಾರಿಗೂ ಹೊಳೆಯದ ವ್ಯವಸ್ಥೆಯೇ?

ಹೊಟ್ಟೆ ತೊಳಸುವುದು ಬೇರೆ, ಹೊಟ್ಟೆ ಹಿಂಡುವುದು ಬೇರೆ, ಹೊಟ್ಟೆ ಉರಿಯುವುದು ಬೇರೆ. ಕಾಲು ಜೋಮು ಹಿಡಿಯುವುದು ಬೇರೆ, ಸೆಳೆಯುವುದು ಬೇರೆ, ಸೋಲುವುದು ಬೇರೆ. ಯಾವುದು ಯಾವ ರೋಗದ ಮುನ್ಸೂಚನೆ ಎಂಬುದನ್ನು ಡಾಕ್ಟರು ಓದಿರುತ್ತಾರೆ, ಒಪ್ಪೋಣ. ಆದರೆ ಡಾಕ್ಟರು ದಿನಕ್ಕೆ ಎರಡು ಸಲ ಬಂದು ಐದು ನಿಮಿಷ ನಿಂತು ಹೋಗುತ್ತಾರೆ. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ರೋಗಿಯ ಮಾತು ಕೇಳಿಸಿಕೊಳ್ಳುವ ಕಿವಿ ನರ್ಸ್‌ನದು. ಆ ಕಿವಿಗೆ ಭಾಷೆ ಇಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರ ತಂದಿಟ್ಟು ಏನು ಪ್ರಯೋಜನ?

ನಮ್ಮ ಊರಿನಲ್ಲಂತೂ ಕನ್ನಡ ಒಂದೇ ಸಾಲದು. ಮನೆಯಲ್ಲಿ ತುಳು, ಇಗರ್ಜಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಇದು ಮಂಗಳೂರು. ಬಂಜಿ ಬೇನೆ ಎಂದರೆ ಹೊಟ್ಟೆನೋವು ಎಂದು ತಿಳಿಯದ ಸಿಸ್ಟರ್ ಬಜಪೆಯ ಅಜ್ಜಿಗೂ ಅಷ್ಟೇ ದೂರ. ಆದರೆ ಬೆಳ್ತಂಗಡಿಯ ತುಳುವ, ಉಳ್ಳಾಲದ ಬ್ಯಾರಿ, ಹಾನಗಲ್ಲಿನ ರೈತ, ಮಂಜೇಶ್ವರದ ಹವ್ಯಕರ ಅಮ್ಮ, ಇಷ್ಟೂ ಜನ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದಾಗ ಎಲ್ಲರಿಗೂ ಸಲ್ಲುವ ಸೇತುವೆ ಕನ್ನಡವೇ. ಅದಕ್ಕೇ ನಾವು ಕನ್ನಡ ಕೇಳುವುದು. ಪಕ್ಕದವನ ಮಾತನ್ನು ತುಳಿಯುವುದಕ್ಕಲ್ಲ.

ಮಂಜೇಶ್ವರದ ಮಾತು ಬಂತು. ಕಾಸರಗೋಡಿನ ಕನ್ನಡಿಗನಿಗೆ ದೊಡ್ಡ ಕಾಯಿಲೆ ಬಂದರೆ ಐವತ್ತು ಕಿಲೋಮೀಟರ್ ದೂರದ ಮಂಗಳೂರೇ ಗತಿ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಹೆಸರಿನಲ್ಲಿ ತಲಪಾಡಿಯ ಗಡಿಗೆ ಮಣ್ಣು ಸುರಿದಾಗ ಈ ಕಡೆಯ ಆಸ್ಪತ್ರೆ ತಲುಪಲಾಗದೆ ಆ ಕಡೆ ಹಲವರು ಪ್ರಾಣ ಬಿಟ್ಟರು. ಮಹಾಜನ ವರದಿ ಹಿಡಿದು ಕಾಸರಗೋಡು ನಮ್ಮದು ಎಂದು ಭಾಷಣ ಮಾಡುವ ನಾವು ಅಂದು ಎಷ್ಟು ದನಿ ಎತ್ತಿದೆವು ಎಂಬುದನ್ನು ಇನ್ನೊಮ್ಮೆ ಬರೆಯಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟು: ಗಡಿ ದಾಟಿ ಬಂದ ಆ ಕನ್ನಡಿಗನಿಗೆ ವಾರ್ಡಿನಲ್ಲಿ ಕನ್ನಡ ಸಿಗದಿದ್ದರೆ ಅವನು ಇಲ್ಲಿಗೆ ಯಾಕೆ ಬರಬೇಕು?

ರಾತ್ರಿ ಪಾಳಿಯ ಲೆಕ್ಕ

ಈಗ ಆ ಹುಡುಗಿಯ ಕಡೆಯಿಂದ ನೋಡೋಣ. ನಮ್ಮ ಮುದ್ರಣಾಲಯದ ಮುಂಭಾಗದಲ್ಲಿ ಒಂದು ಜೆರಾಕ್ಸ್ ಮೆಷಿನ್ ಉಂಟು. ಬೆಳಗ್ಗೆ ಒಂಬತ್ತರ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು ಬರುತ್ತಾರೆ. ಅನುಭವ ಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್, ಕೌನ್ಸಿಲ್ ನೋಂದಣಿ ಎಲ್ಲದರ ಪ್ರತಿ ತೆಗೆಸುತ್ತಾರೆ. ಯಾರನ್ನು ಕೇಳಿದರೂ ಕುವೈತ್, ಐರ್ಲೆಂಡ್, ಜರ್ಮನಿ. ಅವರಲ್ಲಿ ಕೇರಳದವರು ಇದ್ದಾರೆ. ಮೂಡುಬಿದಿರೆಯವರು, ಪುತ್ತೂರಿನವರು, ಹಾಸನದವರು, ಗದಗಿನವರೂ ಇದ್ದಾರೆ. ಮೆಷಿನ್ ಬಿಸಿಯಾಗುವ ತನಕ ಗೋಡೆಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚುತ್ತಾರೆ. ಎಷ್ಟು ರೋಗಿಗಳನ್ನು ನೋಡಿಕೊಂಡಿರಿ ಎಂದರೆ ಒಬ್ಬಳು ಹದಿನೆಂಟು ಎನ್ನುತ್ತಾಳೆ, ಇನ್ನೊಬ್ಬಳು ಇಪ್ಪತ್ತನ್ನು ದಾಟಿಸುತ್ತಾಳೆ. ಯಾವ ಆಸ್ಪತ್ರೆ ಎಂದು ನಾವು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ.

ನಿಯಮ ಏನು ಹೇಳುತ್ತದೆ? ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್. ಮೂರು ಪಾಳಿಗೆ ಹಂಚಿದರೆ ಒಂದು ಪಾಳಿಯಲ್ಲಿ ಒಂಬತ್ತು ಹಾಸಿಗೆಗೆ ಒಬ್ಬರು. ರಜೆಗೆಂದು ನೂರಕ್ಕೆ 30ರಷ್ಟು ಹೆಚ್ಚುವರಿ ಸಿಬ್ಬಂದಿ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬರಿಗೆ ಒಬ್ಬರು. ಇದು ಕಾಗದದ ಮೇಲೆ.

ಈಗ ಕಾಗದ ಬದಿಗಿಟ್ಟು ಗಡಿಯಾರ ನೋಡಿ. ಹನ್ನೆರಡು ಗಂಟೆಯ ರಾತ್ರಿ ಪಾಳಿಗೆ 720 ನಿಮಿಷ. ಇಪ್ಪತ್ತು ರೋಗಿಗಳಾದರೆ ತಲೆಗೆ 36 ನಿಮಿಷ. ಊಟ, ಶೌಚ ಏನನ್ನೂ ಕಳೆಯದೆ. ಆ 36 ನಿಮಿಷದಲ್ಲಿ ಮೂರು ನಾಲ್ಕು ಸಲ ಬಿ.ಪಿ., ಜ್ವರ, ನಾಡಿ ನೋಡಬೇಕು. ಡ್ರಿಪ್ ಬದಲಿಸಬೇಕು. ಮಾತ್ರೆ, ಇಂಜೆಕ್ಷನ್ ಸರಿಯಾದವರಿಗೆ ಸರಿಯಾದ ಹೊತ್ತಿಗೆ ಕೊಡಬೇಕು. ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು, ಅಳೆದು ಬರೆಯಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಆ ಹುಣ್ಣು ಮೂಳೆಯ ತನಕ ಹೋಗುತ್ತದೆ. ಮಗ್ಗುಲು ಬದಲಿಸಲು ಇಬ್ಬರು ಬೇಕು, ಇರುವವಳು ಒಬ್ಬಳು. ಇಷ್ಟೆಲ್ಲ ಆದ ಮೇಲೆ ಮಾಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಕೇಸ್ ಶೀಟಿಗೆ ತುಂಬಬೇಕು. ಗುಣಮಟ್ಟದ ಪ್ರಮಾಣಪತ್ರ ಕೊಡುವ ಎನ್‌ಎಬಿಎಚ್ ತನಿಖೆಯವರು ಬರುವ ತಿಂಗಳಾದರೆ ಹಾಳೆಗಳು ಇನ್ನಷ್ಟು ದಪ್ಪವಾಗುತ್ತವೆ. ರೋಗಿಯ ಪಕ್ಕ ನಿಲ್ಲುವ ಹೊತ್ತನ್ನು ರೋಗಿಯ ಬಗ್ಗೆ ಬರೆಯುವ ಹೊತ್ತು ತಿನ್ನುತ್ತದೆ ಎಂದು ಗೊಣಗದ ನರ್ಸನ್ನು ನಾವು ನೋಡಿಲ್ಲ. ಆ ಹಾಳೆ ಅಚ್ಚು ಹಾಕುವವರು ನಾವೇ ಆದ್ದರಿಂದ ಎಷ್ಟು ರೀಮ್ ಹೆಚ್ಚಿತು ಎಂಬುದು ನಮಗೂ ಗೊತ್ತು.

ಇಷ್ಟರ ನಡುವೆ ಕನ್ನಡ ಕಲಿ ಎಂದರೆ ಯಾವಾಗ ಕಲಿಯಬೇಕು ಆ ತಾಯಿ?

ಇದು ಬರೀ ದಣಿವಿನ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ತೆಗೆದು ಲಿಂಡಾ ಐಕೆನ್ ಎಂಬ ವಿದ್ವಾಂಸೆ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಷನ್ ಆದವರು ಮೂವತ್ತು ದಿನದೊಳಗೆ ಸಾಯುವ ಸಂಭವ ನೂರಕ್ಕೆ ಏಳರಷ್ಟು ಏರುತ್ತದೆ ಎಂದು ಅದರಲ್ಲಿ ಕಂಡುಬಂತು. ಒಬ್ಬ ರೋಗಿ ಹೆಚ್ಚಾದರೆ ಇಷ್ಟು. ನಮ್ಮಲ್ಲಿ ಹೆಚ್ಚಾಗಿರುವುದು ಒಬ್ಬರೇ? ನರ್ಸ್ ಸಂಬಳ ಉಳಿಸಿದ ಹಣವನ್ನು ಧಣಿ ಎಣಿಸುತ್ತಾನೆ, ಅದರ ಬೆಲೆ ಕಟ್ಟುವವನು ಹಾಸಿಗೆಯ ಮೇಲಿನವನು.

ಜರ್ಮನಿಯ ಅಜ್ಜ, ಹಾನಗಲ್ಲಿನ ಅಜ್ಜಿ

ಜೆರಾಕ್ಸ್ ತೆಗೆಸಲು ಬರುವ ಹುಡುಗಿಯರ ಚೀಲದಲ್ಲಿ ಇತ್ತೀಚೆಗೆ ಒಂದು ಹೊಸ ಪುಸ್ತಕ ಕಾಣುತ್ತದೆ, ಜರ್ಮನ್ ವ್ಯಾಕರಣ. ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಪಡೆಯಬೇಕಾದರೆ ಆ ಭಾಷೆಯಲ್ಲಿ ಬಿ-2 ಎಂಬ ಹಂತದ ಪರೀಕ್ಷೆ ಪಾಸಾಗಬೇಕು. ಬ್ರಿಟನ್ನಿಗೆ ಹೋಗಬೇಕಾದರೆ ಐಇಎಲ್‌ಟಿಎಸ್ ಅಥವಾ ಒಇಟಿ. ಇಂಗ್ಲಿಷಿನಲ್ಲೇ ಓದಿ ಬಂದ ಹುಡುಗಿಯನ್ನೂ ಅವರು ಮತ್ತೊಮ್ಮೆ ಕೂರಿಸಿ ಕೇಳುತ್ತಾರೆ: ನಮ್ಮ ರೋಗಿ ಹೇಳಿದ್ದು ನಿನಗೆ ತಿಳಿಯುತ್ತದೆಯೇ? ನೀನು ಹೇಳಿದ್ದು ಅವನಿಗೆ ತಿಳಿಯುತ್ತದೆಯೇ? ಅದು ಖಾತ್ರಿಯಾಗುವ ತನಕ ನರ್ಸ್ ಎಂದು ಕೆಲಸ ಮಾಡಲು ಬಿಡುವುದಿಲ್ಲ. ಅದನ್ನು ಯಾರೂ ಭಾಷಾಂಧತೆ ಎನ್ನುವುದಿಲ್ಲ. ರೋಗಿಯ ಸುರಕ್ಷತೆ ಎನ್ನುತ್ತಾರೆ.

ಜರ್ಮನಿಯ ಅಜ್ಜನ ನೋವು ತಿಳಿಯಲು ಜರ್ಮನ್ ಬೇಕು. ಹಾನಗಲ್ಲಿನ ಅಜ್ಜಿಯ ನೋವು ತಿಳಿಯಲು ಕನ್ನಡ ಬೇಡ. ಇದು ಯಾವ ನ್ಯಾಯ?

ಗಮನಿಸಬೇಕಾದದ್ದು ಇನ್ನೊಂದಿದೆ. ಇಲ್ಲಿ ನಾಲ್ಕು ವರ್ಷ ಓದಿಯೂ ಕನ್ನಡ ಕಲಿಯದ ಅದೇ ಹುಡುಗಿ ಜರ್ಮನ್ ಕಲಿಯುತ್ತಾಳೆ. ಕಲಿಯುವ ಶಕ್ತಿ ಇಲ್ಲ ಎಂದಲ್ಲ. ಅಲ್ಲಿ ಕಲಿತರೆ ಸಂಬಳ ಉಂಟು, ಕಲಿಯದಿದ್ದರೆ ಕೆಲಸ ಇಲ್ಲ. ಇಲ್ಲಿ ಕಲಿತರೂ ಅದೇ ಸಂಬಳ, ಕಲಿಯದಿದ್ದರೂ ಅದೇ. ಕಲಿಸುವ ಮೇಷ್ಟ್ರು ಇಲ್ಲ, ಕಲಿಯುವ ಹೊತ್ತು ಇಲ್ಲ. ಶುಶ್ರೂಷಾ ಪದವಿಯ ಹಳೆಯ ಪಠ್ಯಕ್ರಮದಲ್ಲಿ ಮೊದಲ ವರ್ಷ ಹಿಂದಿ ಅಥವಾ ಪ್ರಾದೇಶಿಕ ಭಾಷೆಗೆ ಎಂದು 30 ಗಂಟೆ ಇಟ್ಟಿದ್ದರು. 30 ಗಂಟೆ, ನಾಲ್ಕು ವರ್ಷದಲ್ಲಿ! 2021ರಲ್ಲಿ ಬಂದ ಸೆಮಿಸ್ಟರ್ ಪಠ್ಯದಲ್ಲಿ ಮೊದಲ ಸೆಮಿಸ್ಟರಿಗೇ ಸಂವಹನ ಇಂಗ್ಲಿಷ್ ಇದೆ. ಯಾರೊಡನೆ ಸಂವಹನ ಎಂದು ಕೇಳಬಾರದು.

ಭಾಷೆ ಕಷ್ಟ ಎಂಬ ನೆಪ ಈ ಊರಿನಲ್ಲಿ ನಡೆಯುವುದಿಲ್ಲ. ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಕನ್ನಡ ಕಲಿತು 1843ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ. ಫರ್ಡಿನಾಂಡ್ ಕಿಟ್ಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ಅಷ್ಟು ದೊಡ್ಡ ಪುಸ್ತಕಕ್ಕೆ ಒಂದೊಂದೇ ಮೊಳೆ ಜೋಡಿಸಿದ ಕೈಗಳಿಗೆ ಇಂದಿಗೂ ಈ ಕಸುಬಿನವರು ಮನಸ್ಸಿನಲ್ಲೇ ಕೈ ಮುಗಿಯುತ್ತೇವೆ. ಏಳು ಸಮುದ್ರ ದಾಟಿ ಬಂದವರಿಗೆ ಬಂದ ಕನ್ನಡ ನೆರೆಮನೆಯ ಹುಡುಗಿಗೆ ಬರುವುದಿಲ್ಲವೇ? ಕೈ, ಕಾಲು, ಕಣ್ಣು, ತಲೆ, ನೋವು, ಅರ್ಧ ಮೈ ಈಗಾಗಲೇ ಅವಳ ಭಾಷೆಯಲ್ಲಿ ಉಂಟು. ಉಳಿದರ್ಧಕ್ಕೆ ಮೂರು ತಿಂಗಳು ಸಾಕು, ದಿನಕ್ಕೊಂದು ಗಂಟೆ ಡ್ಯೂಟಿಯ ಹೊತ್ತಿನಲ್ಲೇ ಬಿಡುವು ಕೊಟ್ಟರೆ. ಆ ಒಂದು ಗಂಟೆಯ ಸಂಬಳ ಧಣಿ ಕೊಡಬೇಕಾಗುತ್ತದೆ. ಅಲ್ಲೇ ಇರುವುದು ಗಂಟು.

ನಮ್ಮ ಹುಡುಗಿಯರು ಎಲ್ಲಿ ಹೋದರು?

ಹಾಗಾದರೆ ಹೊರಗಿನವರನ್ನು ತೆಗೆದು ನಮ್ಮವರನ್ನೇ ಹಾಕಲಿ ಎನ್ನುವವರಿದ್ದಾರೆ. ಸರೋಜಿನಿ ಮಹಿಷಿ ವರದಿಯ ಕಾಲದಿಂದ ನಾವೂ ಅದನ್ನು ಕೇಳುತ್ತಾ ಬಂದಿದ್ದೇವೆ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಎಂಬ ಮಸೂದೆಯನ್ನು 2024ರ ಜುಲೈಯಲ್ಲಿ ಸಂಪುಟ ಒಪ್ಪಿತು. ಉದ್ಯಮಿಗಳು ಕಣ್ಣು ಕೆಂಪು ಮಾಡಿದ ಕೂಡಲೇ ಅದನ್ನು ತಡೆಹಿಡಿಯಿತು. ಆ ನಾಚಿಕೆಗೇಡಿನ ಕತೆ ನಿಮಗೆ ಗೊತ್ತು.

ಆದರೆ ನರ್ಸ್ ಕೆಲಸದ ವಿಷಯದಲ್ಲಿ ಮಸೂದೆ ಪಾಸಾದರೂ ಸಾಲದು. ನರ್ಸಿಂಗ್ ಕಾಲೇಜುಗಳ ಸಂಖ್ಯೆಯಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಗದಗಿನ ಹುಡುಗಿ, ಸುಳ್ಯದ ಹುಡುಗಿ ಕಲಿಯುತ್ತಾಳೆ, ಸಾಲ ಮಾಡಿಯಾದರೂ ಕಲಿಯುತ್ತಾಳೆ. ಕಲಿತವಳು ಇಲ್ಲಿ ಒಂದೆರಡು ವರ್ಷ ಇರುವುದು ಅನುಭವ ಪತ್ರಕ್ಕಾಗಿ ಮಾತ್ರ. ತಿಂಗಳ ಸಂಬಳದಲ್ಲಿ ಪಿ.ಜಿ. ಬಾಡಿಗೆ, ಸಾಲದ ಕಂತು ಕಳೆದರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಕೆಲವು ಕಡೆ ಸೇರುವಾಗಲೇ ಮೂಲ ಅಂಕಪಟ್ಟಿ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಬಾಂಡ್ ಮುಗಿಯುವ ಮೊದಲು ಬಿಡಬೇಕಾದರೆ ದಂಡ ಕಟ್ಟಬೇಕು. ಜೀತ ಪದ್ಧತಿ 1976ರ ಕಾನೂನಿನಲ್ಲಿ ರದ್ದಾಯಿತು ಎಂದು ಶಾಲೆಯಲ್ಲಿ ಓದಿದ ನೆನಪು.

ನಮ್ಮ ಹುಡುಗಿ ಹೊರಗೆ ಹೋದ ಜಾಗಕ್ಕೆ ಇನ್ನೂ ಕಡಿಮೆಗೆ ಸಿಗುವ ಹೊಸಬಳು ಬರುತ್ತಾಳೆ. ಇತ್ತ ಮೂಡುಬಿದಿರೆಯ ಮಗಳು ಡಬ್ಲಿನ್‌ನಲ್ಲಿ ಯಾರದೋ ಅಮ್ಮನ ಬೆನ್ನು ತಿಕ್ಕುತ್ತಾಳೆ, ಅವಳ ಸ್ವಂತ ಅಮ್ಮ ಮಂಗಳೂರಿನ ವಾರ್ಡಿನಲ್ಲಿ ನೀರು ಕೇಳಲು ಭಾಷೆ ಹುಡುಕುತ್ತಾಳೆ. ಕನ್ನಡ ವಾರ್ಡಿನಿಂದ ಹೊರಗೆ ಹೋದದ್ದು ಮಲಯಾಳಂ ಒಳಗೆ ಬಂದದ್ದರಿಂದಲ್ಲ, ಸಂಬಳ ಹೊರಗೆ ಹೋದದ್ದರಿಂದ.

ಈ ಸಂಬಳದ ವಿಷಯದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ 2016ರ ಜನವರಿಯಲ್ಲೇ ಕಣ್ಣು ತೆರೆದಿತ್ತು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಿ ತಜ್ಞರ ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿ ವರದಿ ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ನೂರಕ್ಕೆ ಹತ್ತಕ್ಕಿಂತ ಕಡಿಮೆಯಾಗಕೂಡದು. 50ರಿಂದ 100 ಹಾಸಿಗೆಗೆ ಇಪ್ಪತ್ತೈದಕ್ಕಿಂತ ಕಡಿಮೆಯಾಗಕೂಡದು. ಎಷ್ಟೇ ಸಣ್ಣ ಆಸ್ಪತ್ರೆಯಾದರೂ 20,000 ರೂಪಾಯಿಗಿಂತ ಕೆಳಗೆ ಇಳಿಯಕೂಡದು. ಸಮಿತಿ ಇದನ್ನು ಬರೆದದ್ದು 2016ರಲ್ಲಿ. ಅಕ್ಕಿ, ಎಣ್ಣೆ, ಬಾಡಿಗೆಯ ಅಂದಿನ ಬೆಲೆ ನೆನಪಿದೆಯೇ?

ವರದಿ ಬಂದ ಮೇಲೆ ಕೇರಳದ ನರ್ಸ್‌ಗಳು ಸುಮ್ಮನೆ ಕೂರಲಿಲ್ಲ. 2017ರಲ್ಲಿ ಮುಷ್ಕರ ಹೂಡಿದರು. 2018ರ ಏಪ್ರಿಲ್‌ನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ನಡಿಗೆ ಹೊರಡಲು ನಿಂತರು. ನಡಿಗೆ ಶುರುವಾಗುವ ಮೊದಲೇ 20,000 ರೂಪಾಯಿ ಮೂಲ ವೇತನದ ಅಧಿಸೂಚನೆ ಹೊರಬಿತ್ತು. ಹಾಗೆ ಹೋರಾಡಿ ಗೆದ್ದವರ ತಂಗಿಯರು ಇಲ್ಲಿ ನಮ್ಮ ವಾರ್ಡುಗಳಲ್ಲಿ ತುಟಿ ಬಿಚ್ಚದೆ ದುಡಿಯುತ್ತಾರೆ. ಭಾಷೆ ಗೊತ್ತಿಲ್ಲ, ಊರು ಗೊತ್ತಿಲ್ಲ, ಜೊತೆಗೆ ನಿಲ್ಲುವವರು ಯಾರೂ ಇಲ್ಲ. ಧಣಿಗೆ ಬೇಕಾದದ್ದೂ ಅದೇ. ಕನ್ನಡ ಕಲಿತ ನರ್ಸ್ ರೋಗಿಯ ಜೊತೆ ಮಾತಾಡುತ್ತಾಳೆ, ಪಕ್ಕದ ಕನ್ನಡದ ನರ್ಸ್ ಜೊತೆ ಮಾತಾಡುತ್ತಾಳೆ, ನಾಳೆ ಕಾರ್ಮಿಕ ಅಧಿಕಾರಿಯ ಜೊತೆಗೂ ಮಾತಾಡಿಯಾಳು.

ಬೋರ್ಡಿಗೆ ಅರುವತ್ತು, ಒಳಗೆ ಸೊನ್ನೆ

2024ರಲ್ಲಿ ತಿದ್ದಿದ ಕಾನೂನಿನ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡ ಇರಬೇಕು. ಆಸ್ಪತ್ರೆಗಳು ಬೋರ್ಡು ಬದಲಿಸಿದವು, ಸಂತೋಷ. ಬೋರ್ಡಿನ ಕೆಳಗೆ ಹಾದು ಒಳಗೆ ಹೋದರೆ ಆಪರೇಷನ್ನಿಗೆ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಮನೆಗೆ ಹೋದ ಮೇಲೆ ಯಾವ ಮಾತ್ರೆ ಊಟಕ್ಕೆ ಮೊದಲು ಯಾವುದು ಆಮೇಲೆ ಎಂಬುದೂ ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವ ಕೆಲಸವೂ ಕೊನೆಗೆ ಬೀಳುವುದು ಕನ್ನಡ ಬಾರದ ಆ ನರ್ಸ್ ಮೇಲೆಯೇ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ, ಸರ್ಕಾರಿ ವೈದ್ಯರು ಔಷಧ ಚೀಟಿ ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೇಳಿದರು. ಒಳ್ಳೆಯ ಮಾತು. ಖಾಸಗಿಯವರನ್ನು ಕೇಳುವುದು ಯಾರು?

ಒಂದು ಆಸ್ಪತ್ರೆಗೆ ಒಪ್ಪಿಗೆ ಪತ್ರ ಅಚ್ಚು ಹಾಕಿಕೊಡುವ ಆರ್ಡರ್ ನಮಗೆ ಬಂದಾಗ, ಹಿಂಬದಿ ಖಾಲಿ ಉಂಟಲ್ಲ, ಅಲ್ಲಿ ಕನ್ನಡದಲ್ಲಿ ಹಾಕಿಕೊಡುತ್ತೇವೆ, ಕಂಪೋಸಿಗೆ ಕಾಸು ಬೇಡ ಎಂದೆವು. ಕಚೇರಿಯಲ್ಲಿ ಕೂತಿದ್ದವರು ಕಾಗದ ತಿರುವಿ ನೋಡಿ ನಕ್ಕರು. ಓದಿದರೆ ಪ್ರಶ್ನೆ ಕೇಳುತ್ತಾರೆ ಮಾರಾಯ್ರೆ, ಸಹಿ ಹಾಕಲು ತಡವಾಗುತ್ತದೆ ಎಂದರು. ಹಿಂಬದಿ ಖಾಲಿಯಾಗಿಯೇ ಅಚ್ಚಾಯಿತು. ರೋಗಿಗೆ ಬೇಕಾದಷ್ಟು ವಿವರ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬ ಅರ್ಥದ ತೀರ್ಪನ್ನು ಸುಪ್ರೀಂ ಕೋರ್ಟ್ 2008ರಲ್ಲೇ ಕೊಟ್ಟಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಯ ಹಕ್ಕುಗಳ ಸನ್ನದು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತದೆ. ಆ ಸನ್ನದನ್ನು ಜಾರಿಗೆ ತನ್ನಿ ಎಂದು 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದಿದೆ. ಎನ್‌ಎಬಿಎಚ್ ಮಾನದಂಡವೂ ಅದನ್ನೇ ಹೇಳುತ್ತದೆ. ಹಾಗಾಗಿ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ.

ಖಾಸಗಿ ಎಂಬುದೂ ಅರ್ಧ ಸುಳ್ಳೇ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡವರ ಚಿಕಿತ್ಸೆಯ ಹಣ ಸರ್ಕಾರದ ಖಜಾನೆಯಿಂದ ಈ ಆಸ್ಪತ್ರೆಗಳಿಗೆ ಹೋಗುತ್ತದೆ. ಅದು ಕನ್ನಡಿಗರ ತೆರಿಗೆ. 1848ರಷ್ಟು ಹಳೆಯದಾದ ನಮ್ಮ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಬಡ ರೋಗಿಗಳ ಹಾಸಿಗೆಯ ಪಕ್ಕ ನಿಂತೇ ಈ ಊರಿನಲ್ಲಿ ಖಾಸಗಿ ವೈದ್ಯಕೀಯ ಶಿಕ್ಷಣ 1955ರಿಂದ ಬೆಳೆದು ನಿಂತಿದೆ. ಕೊಡುವ ಕೈಗೆ ಷರತ್ತು ಹಾಕುವ ಹಕ್ಕು ಉಂಟು. ಯೋಜನೆಯ ಹಣ ಬೇಕೇ? ಹಾಗಾದರೆ ಪ್ರತಿ ವಾರ್ಡಿನ ಬಾಗಿಲಲ್ಲಿ ಈ ಪಾಳಿಯಲ್ಲಿ ರೋಗಿಗಳೆಷ್ಟು, ನರ್ಸ್‌ಗಳೆಷ್ಟು ಎಂದು ಕನ್ನಡದಲ್ಲಿ ಬರೆದು ಹಾಕಿ. ಹೊಸ ನರ್ಸ್‌ಗೆ ಮೊದಲ ಮೂರು ತಿಂಗಳು ಸಂಬಳದ ಹೊತ್ತಿನಲ್ಲೇ ಕನ್ನಡ ಕಲಿಸಿ. ಕಲಿತವಳಿಗೆ ಒಂದು ಭತ್ಯೆ ಕೊಡಿ. ಸಮಿತಿ ಹೇಳಿದ ಸಂಬಳ ಕೊಡಿ, ಬೀರುವಿನಲ್ಲಿಟ್ಟ ಅಂಕಪಟ್ಟಿಗಳನ್ನು ಹಿಂದೆ ಕೊಡಿ. ಈ ಷರತ್ತು ಹಾಕಿ ಎಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ನೂರು ಜನ ಕೂತರೆ ಆ ನೂರರಲ್ಲಿ ಮಲಯಾಳಿ ನರ್ಸ್‌ಗಳೂ ಇರುತ್ತಾರೆ. ಕನ್ನಡ ಬಾವುಟದ ಕೆಳಗೆ ಅವರು ಬಂದು ಕೂರುವ ದಿನವನ್ನು ಊಹಿಸಿ ನೋಡಿ, ಧಣಿಯ ನಿದ್ದೆ ಹೋಗುವುದು ಅಂದು.

ಅಲ್ಲಿಯ ತನಕ ನಮ್ಮ ಕೈಯಲ್ಲಾಗುವ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಏಪ್ರನ್ ಜೇಬಿಗೆ ಹಿಡಿಯುವ ಹದಿನಾರು ಪುಟದ ಕಿರುಪುಸ್ತಕ, ನೋವಿನ ಮಾತುಗಳದ್ದು. ಸಂಕಟ, ತೊಳಸು, ಜೋಮು, ಸೆಳೆತ, ತಲೆ ಸುತ್ತು, ಉಸಿರು ಕಟ್ಟು, ಕಣ್ಣು ಕತ್ತಲೆ ಎಲ್ಲವೂ ಅದರಲ್ಲಿರುತ್ತವೆ. ಒಂದು ಬದಿಯಲ್ಲಿ ಕನ್ನಡ, ಅದರ ಕೆಳಗೆ ತುಳು, ಇನ್ನೊಂದು ಬದಿಯಲ್ಲಿ ಅದೇ ಉಚ್ಚಾರ ಮತ್ತು ಅರ್ಥ ಮಲಯಾಳಂ ಲಿಪಿಯಲ್ಲಿ. ಕನ್ನಡ ಸಂಘಟನೆಯವರು ಮಲಯಾಳಂ ಅಚ್ಚು ಹಾಕುವುದೇ ಎಂದು ನಮ್ಮವರೇ ಕೆಲವರು ಮುಖ ಸಿಂಡರಿಸಿದ್ದಾರೆ. ಸಿಂಡರಿಸಲಿ, ಓದಲಾಗದವರಿಗೆ ಕನ್ನಡ ಲಿಪಿಯಲ್ಲೇ ಕನ್ನಡ ಕಲಿಸುವ ಜಾಣತನ ನಮಗಿಲ್ಲ. ಅಚ್ಚಿನ ಕೆಲಸ ನಮ್ಮದು, ಕಾಗದದ ಖರ್ಚನ್ನು ಗೆಳೆಯರು ಹೊತ್ತಿದ್ದಾರೆ. ಹಂಚುವುದು ನಿಮ್ಮ ಕೆಲಸ. ಪಾಳಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹೊರಗೆ ನಿಂತು, ಮೊಬೈಲ್ ಜೇಬಿನಲ್ಲಿಟ್ಟುಕೊಂಡು.

ಈಗ ಬೇಕಾಗಿರುವುದು ಪದಗಳು. ಮೈಗೆ ಹುಷಾರಿಲ್ಲದಾಗ ನಿಮ್ಮ ಅಜ್ಜಿ ಏನೆನ್ನುತ್ತಾರೆ ಎಂದು ಕೇಳಿ ಬರೆದು ಕಳಿಸಿ, ಒಂದು ಕಾರ್ಡಿನಲ್ಲಿ ಆದರೂ ಸರಿ, ವಾಟ್ಸಾಪಿನಲ್ಲಿ ಆದರೂ ಸರಿ. ಯಾವ ತಾಲೂಕಿನ ಮಾತು ಎಂಬುದನ್ನು ಮರೆಯದೆ ಬರೆಯಿರಿ. ಒಂದೇ ನೋವಿಗೆ ಹಾವೇರಿಯಲ್ಲಿ ಒಂದು ಮಾತು, ಸುಳ್ಯದಲ್ಲಿ ಇನ್ನೊಂದು.